ಸೋಮವಾರದ ಟೊಪ್ಪಿ

"ಟೊಪ್ಪಿ ಉಂಟಾ?"

ಯಾರೋ ಬಾಗಿಲಲ್ಲಿ ನಿಂತು ಕೇಳಿದರು. ನಾನು ತಲೆ ಎತ್ತಲಿಲ್ಲ. ಕ್ಲಾಸಿಗೆ ಬರುವ ಮೈಮೂನಮ್ಮನ ಹೆಣಿಗೆ ಕಡ್ಡಿಯಿಂದ ಒಂದು ಕುಣಿಕೆ ಜಾರಿತ್ತು, ಅದನ್ನು ಹಿಡಿಯುವುದರಲ್ಲಿದ್ದೆ.

"ಟೊಪ್ಪಿ ಇಲ್ಲ. ನೂಲು ಉಂಟು."

"ನೂಲನ್ನೇ ತಲೆಗೆ ಸುತ್ತಿಕೊಂಡ್ರೆ ಚಳಿ ಹೋಗ್ತದಾ?"

ಆಗ ತಲೆ ಎತ್ತಿದೆ. ನಲವತ್ತು ದಾಟಿದ ಗಂಡಸು, ಉದ್ದ ಆಳು, ಕಿವಿಯ ಪಕ್ಕ ಮಾತ್ರ ನರೆ. ಮಾತು ತಮಾಷೆಯದ್ದು, ಮುಖ ಮಾತ್ರ ಕೋರ್ಟಿಗೆ ಬಂದವರ ಹಾಗೆ ಗಂಭೀರ. ತಮಾಷೆ ಎಂದು ತಿಳಿಯಬೇಕಾದರೆ ಕಣ್ಣನ್ನೇ ನೋಡಬೇಕಿತ್ತು. ನೋಡಿದೆ. ನೋಡಬಾರದಿತ್ತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ.

"ಈ ಬಂಟ್ವಾಳದಲ್ಲಿ ನಿಮಗೆ ಎಂತ ಚಳಿ?"

"ಇಲ್ಲಿ ಅಲ್ಲ, ಚಾರ್ಮಾಡಿ ಘಾಟಿಯಲ್ಲಿ. ಮೂಡಿಗೆರೆಗೆ ಮೀನಿನ ಪಿಕಪ್ ಓಡಿಸ್ತೇನೆ. ಬೆಳಗಿನ ಜಾವ ಕಿವಿ ಉದುರಿ ಹೋಗ್ತದೆ."

"ಬಿ.ಸಿ.ರೋಡಿನಲ್ಲಿ ಯಾವ ಅಂಗಡಿಗೆ ಹೋದ್ರೂ ಮಂಕಿ ಕ್ಯಾಪ್ ಸಿಗ್ತದೆ."

"ಅದು ಕುತ್ತಿಗೆಗೆ ಚುಚ್ತದೆ." ಮೈಮೂನಮ್ಮನ ಮಡಿಲಲ್ಲಿದ್ದ ಅರ್ಧ ಟೊಪ್ಪಿಯನ್ನು ಅವನು ಬಗ್ಗಿ ನೋಡಿದ. "ಇದು ಮೆತ್ತಗೆ ಉಂಟು. ನನಗೆ ಕಲಿಸ್ತೀರಾ?"

ಮೈಮೂನಮ್ಮ ಕಡ್ಡಿ ಕೆಳಗಿಟ್ಟು ನಕ್ಕರು. "ಕುಳಿತುಕೊಳ್ಳಿ ಮಾರಾಯ್ರೆ. ಗಂಡಸರು ಕಲೀಬಾರ್ದು ಅಂತ ಇಲ್ಲಿ ಬೋರ್ಡ್ ಹಾಕ್ಲಿಲ್ಲ."

ಹೀಗೆ ಬೆಳ್ತಂಗಡಿ ಹತ್ತಿರದ ಲಾಯಿಲದ ಧನರಾಜ್ ನನ್ನ ಕ್ಲಾಸಿಗೆ ಸೇರಿದ.

ನನ್ನ ಅಂಗಡಿ ಬಂಟ್ವಾಳ ಪೇಟೆಯಲ್ಲಿ, ಮೆಟ್ಟಿಲು ಹತ್ತಿ ಮೇಲೆ. ವ್ಯಾಪಾರವೆಲ್ಲ ಬಿ.ಸಿ.ರೋಡಿಗೆ ಹೋಗಿ ಎಷ್ಟೋ ಕಾಲವಾಯಿತು. ಹೋಗದೆ ಉಳಿದವರಲ್ಲಿ ನಾನೊಬ್ಬಳು. ಗುಂಡಿ, ಲೇಸು, ಸೀರೆಯ ಫಾಲ್, ಉಲ್ಲನ್ ನೂಲು ಮಾರುತ್ತೇನೆ. ಬೆವರಿಳಿಯುವ ಊರಿನಲ್ಲಿ ಉಲ್ಲನ್ ಯಾರಿಗೆ ಎಂದು ಕೇಳಬೇಡಿ. ಮಕ್ಕಳು ಎಲ್ಲ ಊರಿನಲ್ಲೂ ಹುಟ್ಟುತ್ತವೆ, ಹುಟ್ಟಿದ ಮಗುವಿನ ತಲೆಗೆ ಟೊಪ್ಪಿ ಹಾಕದಿದ್ದರೆ ಅಜ್ಜಿಯಂದಿರಿಗೆ ನಿದ್ದೆ ಬರುವುದಿಲ್ಲ. ಸೋಮವಾರ ಮಧ್ಯಾಹ್ನದ ನನ್ನ ಕ್ಲಾಸಿಗೆ ಬರುವವರು ಹೆಚ್ಚಾಗಿ ಅಂಥವರೇ. ಒಂದು ಟೊಪ್ಪಿ, ಒಂದು ಜೊತೆ ಕಾಲುಚೀಲ ಮುಗಿಯಿತೆಂದರೆ ನನ್ನನ್ನು ಮರೆಯುತ್ತಾರೆ. ಬೇರೆಯವರ ಮಕ್ಕಳಿಗೆ ಇಷ್ಟೊಂದು ಟೊಪ್ಪಿ ಶುರು ಮಾಡಿಕೊಟ್ಟವಳು ಈ ತಾಲೂಕಿನಲ್ಲಿ ಇನ್ನೊಬ್ಬಳು ಇರಲಾರಳು.

ಶುರು ಮಾಡಿಕೊಡುವುದು ಎಂದೆನಲ್ಲ, ಕಷ್ಟ ಇರುವುದು ಅಲ್ಲಿಯೇ. ಹೆಣೆಯುವುದನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾರೆ. ಖಾಲಿ ಕಡ್ಡಿಯ ಮೇಲೆ ಮೊದಲ ಸಾಲಿನ ಕುಣಿಕೆ ಏರಿಸುವುದು, ಕಾಸ್ಟ್ ಆನ್ ಎನ್ನುತ್ತೇವಲ್ಲ, ಅದು ಹೊಸಬರ ಕೈಗೆ ಬೇಗ ಹತ್ತುವುದಿಲ್ಲ. ಹಾಗಾಗಿ ನನ್ನ ಕ್ಲಾಸಿನಲ್ಲಿ ಒಂದು ಪದ್ಧತಿ. ಎಲ್ಲರಿಗೂ ಮೊದಲ ಸಾಲು ನಾನೇ ಹಾಕಿಕೊಡುತ್ತೇನೆ. ಅಲ್ಲಿಂದ ಮುಂದೆ ಅವರು ಹೆಣೆದುಕೊಂಡು ಹೋಗುತ್ತಾರೆ. ಕಡ್ಡಿ ಪೂರ್ತಿ ಜಾರಿ ಎಲ್ಲ ಬಿಚ್ಚಿಹೋದರೆ ಮತ್ತೆ ನನ್ನ ಹತ್ತಿರ ಬರಬೇಕು.

ನನಗೆ ಮೂವತ್ತೊಂಬತ್ತು. ಮದುವೆಯಾಗಿತ್ತು, ಮಂಗಳೂರಿನ ಕೋರ್ಟಿನಲ್ಲಿ ಸಹಿ ಹಾಕಿ ಮುಗಿಸಿಕೊಂಡು ಬಂದೆ. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲೇ ವಾಸ. ಒಬ್ಬಳಿಗೆ ಅಡುಗೆ ಮಾಡುವುದು ಎಷ್ಟು ಸುಲಭ ಎನ್ನುವವರು ಒಬ್ಬಳಿಗಾಗಿ ಅಡುಗೆ ಮಾಡಿ ನೋಡಿದವರಲ್ಲ. ಎರಡು ಬಂಗುಡೆ ತಂದರೆ ಒಂದು ಮರುದಿನಕ್ಕೆ ಉಳಿಯುತ್ತದೆ. ಒಂದೇ ಕೊಡಿ ಎಂದು ಕೇಳಲು ನಾಚಿಕೆ.

ಶಾರ್ಜಾದಲ್ಲಿರುವ ತಂಗಿ ತೃಪ್ತಿಗೆ ಇದೆಲ್ಲ ಗೊತ್ತು. ಅವಳು ಎರಡನೇ ಮಗುವಿನ ಬಸುರಿ. ಡಿಸೆಂಬರಿನಿಂದ ಒಂದೇ ಮಾತು. "ಅಕ್ಕ, ಅಂಗಡಿ ಮುಚ್ಚಿ ಇಲ್ಲಿಗೇ ಬಂದುಬಿಡು. ನಮ್ಮ ಜೊತೆಯಲ್ಲೇ ಇರು. ನಿನಗೆ ಅಲ್ಲಿ ಯಾರಿದ್ದಾರೆ ಹೇಳು?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಿಜವನ್ನೇ ಕೇಳಿದ್ದಳು. ಫೆಬ್ರವರಿಯೊಳಗೆ ಹೇಳುತ್ತೇನೆ ಎಂದಿದ್ದೆ. ಹೋಗಲು ಮನಸ್ಸಿರಲಿಲ್ಲ, ಆದರೆ ಬೇಡ ಎನ್ನಲು ನನ್ನ ಹತ್ತಿರ ಒಂದು ಕಾರಣವೂ ಇರಲಿಲ್ಲ.

ಮೊದಲ ದಿನ ಧನರಾಜ್ ಕಡು ನೀಲಿ ನೂಲು ಆರಿಸಿದ. ಕೊಳೆ ಕಾಣುವುದಿಲ್ಲ ಎಂಬುದು ಅವನ ಲೆಕ್ಕ. ಎದುರಿನ ಸ್ಟೂಲಿನಲ್ಲಿ ಕುಳಿತು ಎರಡೂ ಕೈ ಮುಂದೆ ಚಾಚಿದ. ದೊಡ್ಡ ಕೈ, ಐಸಿನಲ್ಲಿ ಒಡೆದ ಬೆರಳು. ಮೀನಿನ ವಾಸನೆ ಬಂದೀತು ಎಂದುಕೊಂಡಿದ್ದೆ. ಲಿಂಬೆಹಣ್ಣಿನ ವಾಸನೆ ಬಂತು. ಬರುವ ಮೊದಲು ಲಿಂಬೆ ಉಜ್ಜಿ ಕೈ ತೊಳೆದಿದ್ದ.

"ನೀವು ಹಾಕಿ ಕೊಡ್ತೀರಿ ಅಂತ ಇವರು ಹೇಳಿದ್ರು. ಆದ್ರೂ ಒಮ್ಮೆ ನಾನು ನೋಡ್ತೇನೆ ಟೀಚರ್," ಎಂದ.

ಹೇಳಿಕೊಟ್ಟೆ. ನೂಲಿನಲ್ಲಿ ಇಷ್ಟುದ್ದ ಬಾಲ ಬಿಡಬೇಕು. ಬಾಲ ಹೆಬ್ಬೆರಳಿಗೆ, ಉಂಡೆಯ ನೂಲು ತೋರುಬೆರಳಿಗೆ. ಕಡ್ಡಿ ಹೆಬ್ಬೆರಳಿನ ಕೆಳಗಿನಿಂದ ನುಗ್ಗಿ, ತೋರುಬೆರಳಿನ ನೂಲನ್ನು ಹಿಡಿದುಕೊಂಡು, ಬಂದ ದಾರಿಯಲ್ಲೇ ಹೊರಗೆ ಬರಬೇಕು. ಆಮೇಲೆ ಹೆಬ್ಬೆರಳು ಬಿಡುವುದು, ಮೆಲ್ಲಗೆ ಎಳೆಯುವುದು.

ಅವನು ಹೆಬ್ಬೆರಳಿಗೆ ಎರಡು ಸುತ್ತು ಸುತ್ತಿದ. ಎಳೆದದ್ದು ಮೆಲ್ಲಗೆಯೂ ಅಲ್ಲ. ಕುಣಿಕೆ ಕಡ್ಡಿಗೆ ಕಚ್ಚಿ ಕುಳಿತಿತು. ಉಗುರು ಹಾಕಿ ತಳ್ಳಿದರೂ ಕದಲಲಿಲ್ಲ.

"ನಿಮ್ಮ ಮನೆಯಲ್ಲಿ ಬೀಡಿ ಕಟ್ತಿದ್ರಾ?"

ಅವನಿಗೆ ಆಶ್ಚರ್ಯವಾಯಿತು. "ಹೇಗೆ ಗೊತ್ತಾಯ್ತು?"

ಹೇಗೆ ಗೊತ್ತಾಗದೆ ಇರುತ್ತದೆ? ಇಲ್ಲಿಗೆ ಬರುವ ಹೆಂಗಸರಲ್ಲಿ ಅರ್ಧ ಜನ ಬೀಡಿ ಕಟ್ಟಿದವರು. ಬೀಡಿಗೆ ನೂಲು ಬಿಗಿದ ಕೈ ಉಲ್ಲನ್ನನ್ನೂ ಹಾಗೆಯೇ ಬಿಗಿಯುತ್ತದೆ. ಆದರೆ ಎರಡು ಸುತ್ತು ಹಾಕಿ ಬಿಗಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಅಮ್ಮ ಎಲೆ ಸುರುಳಿ ಮಾಡ್ತಿದ್ರು, ನೂಲು ಸುತ್ತುವುದು ನನ್ನ ಕೆಲಸ," ಎಂದ. "ಸಡಿಲ ಆದ್ರೆ ಬೀಡಿ ತೆಕ್ಕೊಳ್ಳುವ ಬ್ರಾಂಚಿನಲ್ಲಿ ಅಮ್ಮನ ಎದುರೇ ಬಿಸಾಡ್ತಿದ್ರು. ಅದಕ್ಕೆ ನಾನು ಯಾವಾಗಲೂ ಒಂದು ಸುತ್ತು ಹೆಚ್ಚೇ ಹಾಕುವುದು."

"ಇಲ್ಲಿ ಯಾರೂ ಬಿಸಾಡುವುದಿಲ್ಲ," ಎಂದೆ. "ಸಡಿಲ ಬಿಡಿ."

ಅವನು ನನ್ನನ್ನು ನೋಡಿದ. ನಾನು ನೂಲನ್ನು ನೋಡಿದೆ. ಆಮೇಲೆ ಎರಡೂ ಕಡ್ಡಿಯನ್ನು ಜೋಡಿಸಿ ಹಿಡಿದು ಅವನ ಮೊದಲ ಸಾಲನ್ನು ನಾನೇ ಹಾಕಿದೆ. ಕೈ ಬಿಗಿ ಇರುವವರಿಗೆ ಹಾಗೆ ಮಾಡುವುದು. ಜೋಡಿ ಕಡ್ಡಿಯ ಮೇಲೆ ಕುಣಿಕೆ ಏರಿಸಿ, ಕೊನೆಗೆ ಒಂದು ಕಡ್ಡಿ ಎಳೆದು ತೆಗೆದರೆ ಸಾಲು ಸಡಿಲವಾಗಿ ನಿಲ್ಲುತ್ತದೆ. ಕಡ್ಡಿ ಅವನ ಕೈಗೆ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಸಾರಿ ಅಂದೆವು. ಮೈಮೂನಮ್ಮ ಕೆಮ್ಮಿದರು.

ಮುಂದಿನ ಸೋಮವಾರ ಅವನು ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದ.

"ಎರಡು ಸಾಲು ಹೆಣೆದೆ ಟೀಚರ್. ಮತ್ತೆ ಎಲ್ಲ ಜಾರಿತು."

ಮತ್ತೆ ಹಾಕಿಕೊಟ್ಟೆ. ಅದರ ಮುಂದಿನ ವಾರವೂ ಅದೇ. ಒಮ್ಮೆ ಗಾಡಿ ಹೊಂಡಕ್ಕೆ ಇಳಿದು ಕಡ್ಡಿ ಜಾರಿತು, ಒಮ್ಮೆ ಬೆಕ್ಕು ಎಳೆಯಿತು. ಇಷ್ಟು ದಡ್ಡ ವಿದ್ಯಾರ್ಥಿ ನನಗೆ ಸಿಕ್ಕಿದ್ದೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಬೈದು ಕಳಿಸುತ್ತಿದ್ದೆ. ಅವನಿಗೆ ಬೈಯುವ ಬದಲು ಸೋಮವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಲು ಶುರು ಮಾಡಿದೆ. ಹಳದಿ ಸೀರೆಯನ್ನು ಕಪಾಟಿನ ಮೇಲಿನ ಖಾನೆಯಿಂದ ಕೆಳಗಿನ ಖಾನೆಗೆ ತಂದೆ. ಮೆಟ್ಟಿಲಿನಲ್ಲಿ ಯಾರ ಹೆಜ್ಜೆ ಎಂದು ಕಿವಿಯೇ ಹೇಳುತ್ತಿತ್ತು.

ಸೋಮವಾರ ಮೀನು ತಿನ್ನದವರು ನಮ್ಮ ಕಡೆ ತುಂಬ ಜನ. ವ್ಯಾಪಾರ ತಣ್ಣಗೆ, ಅವನ ಪಿಕಪ್‌ಗೆ ರಜೆ. ವ್ರತ ಹಿಡಿದವರ ಪುಣ್ಯ ನನಗೂ ಸ್ವಲ್ಪ ತಾಗಿತು ಎಂದುಕೊಳ್ಳುತ್ತಿದ್ದೆ.

"ಬಾಕಿ ದಿನ ಮೂಡಿಗೆರೆಯಲ್ಲಿ ಎಂತ ಮಾಡ್ತೀರಿ?" ಎಂದು ಒಮ್ಮೆ ಕೇಳಿದೆ.

"ಕಾಯ್ತೇನೆ. ಮೀನು ಇಳಿಸಿದ ಮೇಲೆ ಕ್ರೇಟ್ ಖಾಲಿಯಾಗುವವರೆಗೆ ಕಾಯುವುದೇ ಕೆಲಸ. ಮುಂಚೆ ಮೊಬೈಲ್ ನೋಡ್ತಿದ್ದೆ. ಬೇರೆಯವರ ಮದುವೆ, ಬೇರೆಯವರ ಮಕ್ಕಳ ಬರ್ತ್‌ಡೇ. ಎಷ್ಟೂಂತ ನೋಡುವುದು?"

ನಿಮ್ಮದು ಎಂದು ಕೇಳಲು ಬಾಯಿ ತೆರೆದೆ. ನಮ್ಮ ಊರಿನಲ್ಲಿ ಬಸ್ಸಿನಲ್ಲಿ ಪಕ್ಕ ಕುಳಿತವರೂ ಮಕ್ಕಳೆಷ್ಟು ಎಂದು ಕೇಳುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ನಾನು ಕೇಳಿದರೆ ಯಾಕೆ ಕೇಳಿದೆ ಎಂದು ಅವನಿಗೆ ತಿಳಿದುಬಿಡುತ್ತದೆ. ಬಾಯಿ ಮುಚ್ಚಿಕೊಂಡು ಕುಣಿಕೆ ಎಣಿಸಿದೆ. ಎಣಿಕೆ ತಪ್ಪಿತು.

ಅವನು ಹೋದ ಮೇಲೆ ಮೈಮೂನಮ್ಮ ತಮ್ಮ ಚೀಲ ಕಟ್ಟುತ್ತಾ ಹೇಳಿದರು. "ಕಾಂತಿ, ಬಂಟ್ವಾಳದಲ್ಲಿ ನಿನ್ನನ್ನು ಅಕ್ಕ ಅಂತ ಕರೆಯದ ಗಂಡಸು ಯಾರಾದ್ರೂ ಉಂಟಾ?"

"ಎಲ್ಲರೂ ಅಕ್ಕ ಅಂತಲೇ."

"ಅಕ್ಕ ಅನ್ಲಿಕ್ಕೆ ಅವರಿಗೆ ಮಾತ್ರ ನಾಲಿಗೆ ಹೊರಳುವುದಿಲ್ಲ, ನೋಡಿದ್ದೀಯಾ?"

"ನಾನು ಟೀಚರ್, ಅದಕ್ಕೆ."

"ನಾನೂ ಇಲ್ಲೇ ಕಲಿಯುವುದು. ಟೀಚರ್ ಅಂತೇನೆಯಾ?"

ಹೋಗಿ, ನಿಮಗೆ ಬೇರೆ ಕೆಲಸ ಇಲ್ಲ ಎಂದೆ. ರಾತ್ರಿ ಊಟಕ್ಕೆ ಕುಳಿತಾಗ ನಗು ಬಂತು. ಒಬ್ಬಳೇ ಕುಳಿತು ನಗುವುದು ಕೇಳಿದರೆ ಪಕ್ಕದವರು ಏನೆಂದುಕೊಳ್ಳುತ್ತಾರೋ ಎಂದು ಫ್ಯಾನಿನ ಸ್ಪೀಡ್ ಹೆಚ್ಚು ಮಾಡಿದೆ.

ಫೆಬ್ರವರಿಯ ಒಂದು ಸೋಮವಾರ ಎಲ್ಲ ಕೆಟ್ಟಿತು. ಅವನು ಎಂದಿನಂತೆ ಉಂಡೆ ಮೇಜಿನ ಮೇಲಿಟ್ಟ. ಸಾಲು ಹಾಕಲು ತುದಿ ಹಿಡಿದುಕೊಂಡಾಗ ನನ್ನ ಮೊಣಕೈ ತಾಗಿ ಅದು ಉರುಳಿತು, ಬಾಗಿಲು ದಾಟಿ ಮೆಟ್ಟಿಲಿಳಿಯಿತು. ತುದಿ ನನ್ನ ಕೈಯಲ್ಲೇ ಉಳಿಯಿತು. ನಾನು ಕುಳಿತಲ್ಲಿಂದಲೇ ನೂಲನ್ನು ಎಳೆದು ಸುತ್ತತೊಡಗಿದೆ. ಸುತ್ತುತ್ತಾ ಕೈ ನಿಧಾನವಾಯಿತು.

ಹೊಸ ನೂಲು ನೇರವಾಗಿರುತ್ತದೆ. ಹೆಣೆದು ಬಿಚ್ಚಿದ ನೂಲಿನಲ್ಲಿ ಕುಣಿಕೆಯ ಅಚ್ಚು ಉಳಿದು ಅದು ನೂಡಲ್ಸಿನ ಹಾಗೆ ಡೊಂಕು ಡೊಂಕಾಗಿರುತ್ತದೆ. ಎರಡು ಸಾಲು ಹೆಣೆದವನ ನೂಲಿನಲ್ಲಿ ಎರಡು ಮಾರಿನಷ್ಟು ಡೊಂಕು ಇರಬೇಕಿತ್ತು. ಇದು ಮುಗಿಯಲೇ ಇಲ್ಲ. ಮೆಟ್ಟಿಲಿನಿಂದ ಬಂದಷ್ಟೂ ಡೊಂಕು, ಎಲ್ಲವೂ ಒಂದೇ ಅಳತೆ. ಪಳಗಿದ ಕೈ ಯಾವುದೋ ಇಡೀ ಟೊಪ್ಪಿಯನ್ನು ಹೆಣೆದು ಬಿಚ್ಚಿತ್ತು.

ದಡ್ಡ ವಿದ್ಯಾರ್ಥಿ ಎದುರಿಗೆ ಕುಳಿತು ನನ್ನ ಮುಖ ನೋಡುತ್ತಿದ್ದ. ನನಗೆ ಅವನ ಮನೆ ಕಂಡಿತು. ಲಾಯಿಲದಲ್ಲಿ ಒಂದು ಮನೆ, ಜಗಲಿಯಲ್ಲಿ ಕುಳಿತು ಹೆಣೆಯುವ ಹೆಂಗಸು, ಗಂಡನ ತಲೆಯ ಅಳತೆ ಬಾಯಿಪಾಠ ಬರುವ ಹೆಂಗಸು. ಬೇರೆ ಯಾವ ಯೋಚನೆಯೂ ಬರಲಿಲ್ಲ. ಹೊಟ್ಟೆಕಿಚ್ಚಿಗೆ ಬುದ್ಧಿ ಇರುವುದಿಲ್ಲ.

"ನಿಮ್ಮ ಮನೆಯವರು ಒಳ್ಳೆ ಹೆಣೀತಾರೆ," ಎಂದೆ.

"ಮನೆಯವರಾ?"

"ನೂಲು ಹೇಳ್ತದೆ. ಇಡೀ ಉಂಡೆ ಹೆಣೆದು ಬಿಚ್ಚಿದ್ದು. ಎರಡು ಸಾಲಿಗೆ ಜಾರುವವರ ಕೈ ಅಲ್ಲ ಇದು."

ಅವನ ಮುಖ ಕೆಂಪಾಯಿತು. ಬಾಯಿ ತೆರೆದ, ಮೈಮೂನಮ್ಮನನ್ನು ನೋಡಿದ, ಮುಚ್ಚಿದ. ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು, ಏಳು ವರ್ಷ ಅಂಥ ಮುಖದ ಜೊತೆ ಸಂಸಾರ ಮಾಡಿದ್ದೇನೆ.

"ಮೊದಲ ಸಾಲೂ ಅವರ ಹತ್ತಿರವೇ ಹಾಕಿಸಿಕೊಳ್ಳಿ. ನನಗೆ ಬೇರೆಯವರದ್ದು ಉಂಟು."

"ಆಯ್ತು ಟೀಚರ್." ಎದ್ದ. ಇನ್ನೇನೋ ಹೇಳುವವನಂತೆ ಬಾಗಿಲಲ್ಲಿ ನಿಂತ. ನಾನು ಬೇರೆ ಬಣ್ಣದ ಉಂಡೆಯೊಂದನ್ನು ಕೈಗೆತ್ತಿಕೊಂಡೆ. ಅವನು ಮೆಟ್ಟಿಲಿಳಿದು ಹೋದ. ಅವನ ನೀಲಿ ಉಂಡೆ ನನ್ನ ಮಡಿಲಲ್ಲೇ ಉಳಿಯಿತು.

"ಇದೆಂತ ಮಾಡಿದ್ದು ನೀನು?" ಎಂದರು ಮೈಮೂನಮ್ಮ.

"ಸುಳ್ಳು ಹೇಳಿದ್ದು ಅವರು."

"ಹೇಳಿದ್ರೆ ಹೇಳ್ಲಿ. ನಿನ್ನ ಕಣ್ಣಲ್ಲಿ ಯಾಕೆ ನೀರು?"

ಅಂದು ಸಂಜೆ ತೃಪ್ತಿಯ ಫೋನ್ ಬಂತು. ನಾನು ಬರುತ್ತೇನೆ ಎಂದೆ. ಅಂಗಡಿ ಮುಚ್ಚಿ ಬರುತ್ತೇನೆ, ಅಲ್ಲೇ ಇರುತ್ತೇನೆ. ಅವಳು ಅಳುತ್ತಾ ನಕ್ಕಳು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಮನೆಯಲ್ಲಿ ಫ್ರಿಜ್ಜಿನ ಶಬ್ದ ಮಾತ್ರ ಇತ್ತು.

ಗುರುವಾರ ಅಂಗಡಿಯ ಸಾಮಾನು ವಿಂಗಡಿಸಲು ಕುಳಿತೆ. ನೀಲಿ ಉಂಡೆ ಎದುರಿಗೇ ಇತ್ತು. ಡೊಂಕು ನೂಲನ್ನು ಹಾಗೆಯೇ ಬಿಡಲು ನನ್ನಿಂದಾಗುವುದಿಲ್ಲ, ಅದು ನನ್ನ ರೋಗ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನೀರಿನಲ್ಲಿ ಅದ್ದಿ, ಭಾರ ಕಟ್ಟಿ ತೂಗುಹಾಕಿದರೆ ನೇರವಾಗುತ್ತದೆ. ಉಂಡೆ ಬಿಚ್ಚಿ ಸುತ್ತುತ್ತಾ ಒಳಗಿನ ತುದಿಯವರೆಗೆ ಬಂದೆ.

ಟೊಪ್ಪಿ ಬಿಚ್ಚುವಾಗ ಮೊದಲ ಸಾಲು ಕೊನೆಗೆ ಬರುತ್ತದೆ. ಹಾಗಾಗಿ ಅವನು ತಂದ ಉಂಡೆಯ ಹೊರಗಿನ ತುದಿಯೆಂದರೆ ಕಾಸ್ಟ್ ಆನ್ ಮಾಡಿದ ತುದಿ. ಅಂದು ನನ್ನ ಕೈಯಲ್ಲೇ ಇದ್ದ, ನಾನೇ ಸುತ್ತಿ ಒಳಗೆ ಹಾಕಿದ ತುದಿ. ಸಿಟ್ಟಿನಲ್ಲಿ ನಾನು ಅದನ್ನು ನೋಡಿರಲಿಲ್ಲ. ಅಲ್ಲಿ ಎರಡು ಕುಣಿಕೆ ಬಿಚ್ಚಲಾಗದೆ ಹಾಗೆಯೇ ಉಳಿದಿತ್ತು, ಸಣ್ಣ ಗಂಟಾಗಿ. ಸೂಜಿಯ ಮೊನೆಯಿಂದ ಮೆಲ್ಲಗೆ ಬಿಡಿಸಿದೆ. ಒಂದೊಂದು ಕುಣಿಕೆಗೂ ಎರಡೆರಡು ಸುತ್ತು.

ನಾನು ಹಾಕಿಕೊಟ್ಟ ಸಾಲು ಅಲ್ಲ ಅದು. ಜಗಲಿಯ ಹೆಂಗಸಿನದ್ದೂ ಅಲ್ಲ. ಒಂದು ಸುತ್ತು ಹೆಚ್ಚು ಹಾಕುವ ಕೈ ಈ ಲೋಕದಲ್ಲಿ ನನಗೆ ಗೊತ್ತಿರುವುದು ಒಂದೇ.

ಅಂದರೆ ಅವನಿಗೆ ಕಾಸ್ಟ್ ಆನ್ ಬರುತ್ತಿತ್ತು. ನನ್ನ ಸಾಲಿನಿಂದ ಒಂದು ಟೊಪ್ಪಿ ಹೆಣೆದು ಬಿಚ್ಚಿ, ತಾನೇ ಮತ್ತೆ ಶುರು ಮಾಡಿ, ಹೆಣೆದು, ಸೋಮವಾರದೊಳಗೆ ಅದನ್ನೂ ಬಿಚ್ಚಿ ನನ್ನ ಎದುರು ತಂದು ಇಡುತ್ತಿದ್ದ. ಎರಡು ಸಾಲಿಗೆ ಜಾರಿತು ಟೀಚರ್ ಎನ್ನುತ್ತಿದ್ದ. ನಾನು ಕುರ್ಚಿಯ ಕಾಲಿಗೆ ಒರಗಿ ನೆಲದ ಮೇಲೆ ಬಹಳ ಹೊತ್ತು ಕುಳಿತೆ. ಸಂತೋಷವಾಗಬೇಕಿತ್ತು. ನಾನು ಆಡಿದ ಮಾತೆಲ್ಲ ಒಂದೊಂದಾಗಿ ನೆನಪಾಗಿ ಮೈ ಉರಿಯಿತು.

ಅವನ ನಂಬರ್ ಇತ್ತು. ವಾಟ್ಸಾಪಿನಲ್ಲಿ ಬರೆದೆ, ಅಳಿಸಿದೆ. ಸೋಮವಾರ ಬರಬಹುದು ಎಂದುಕೊಂಡೆ. ಬರಲಿಲ್ಲ. ಮೈಮೂನಮ್ಮ ಟೊಪ್ಪಿಯ ತುದಿ ಕಟ್ಟಿ ಮುಗಿಸಿ, ಮೊಮ್ಮಗನಿಗೆ ಎಂದು ಚೀಲದೊಳಗಿಟ್ಟು, ನನ್ನ ಕೆನ್ನೆ ಮುಟ್ಟಿ ಹೋದರು. ಸ್ಟೂಲು ಖಾಲಿ. ಹಳದಿ ಸೀರೆ ಉಟ್ಟುಕೊಂಡು ನಾನು ಖಾಲಿ ಸ್ಟೂಲಿನ ಎದುರು ಕತ್ತಲಾಗುವವರೆಗೆ ಕುಳಿತಿದ್ದೆ. ಇಷ್ಟು ವರ್ಷ ಒಬ್ಬಳೇ ಇದ್ದೆ, ಅದು ಅಭ್ಯಾಸವಾಗಿತ್ತು. ಒಬ್ಬರಿಗಾಗಿ ಕಾದು ಒಬ್ಬಳೇ ಇರುವುದು ಬೇರೆ. ಅದು ನನ್ನಿಂದಾಗಲಿಲ್ಲ.

ಮಂಗಳವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಬೆಳ್ತಂಗಡಿ ಬಸ್ಸು ಹತ್ತಿದೆ. ಲಾಯಿಲದಲ್ಲಿ ಇಳಿದು ಆಟೋದವನ ಹತ್ತಿರ ಕೇಳಿದೆ. "ಮೀನಿನ ಪಿಕಪ್ ಧನರಾಜ್ ಮನೆಯಾ? ಬೆಕ್ಕು ಜಾಸ್ತಿ ಇರುವ ಕಡೆ ಹೋಗಿ ಅಕ್ಕ," ಎಂದ ಆಟೋದವ.

ಬೆಕ್ಕುಗಳು ನಿಜವಾಗಿಯೂ ಇದ್ದವು. ಬಾವಿಕಟ್ಟೆಯ ಪಕ್ಕ ಪಿಕಪ್ ನಿಂತಿತ್ತು. ಧನರಾಜ್ ಲುಂಗಿ ಮಡಚಿ ಕಟ್ಟಿ, ಪೈಪ್ ಹಿಡಿದು ಕ್ರೇಟ್ ತೊಳೆಯುತ್ತಿದ್ದ. ನನ್ನನ್ನು ಕಂಡ. ಪೈಪಿನ ನೀರು ಅವನ ಕಾಲಿನ ಮೇಲೆಯೇ ಸುರಿಯುತ್ತಿತ್ತು, ಅವನಿಗೆ ಅದು ಗೊತ್ತಾಗಲಿಲ್ಲ.

"ಟೀಚರ್?"

"ಉಂಡೆ ಬಿಟ್ಟು ಬಂದಿದ್ರಿ."

"ಅದಕ್ಕಾಗಿ ಇಲ್ಲಿವರೆಗೆ ಬಂದ್ರಾ?"

"ನಿಮಗೆ ಕಾಸ್ಟ್ ಆನ್ ಬರ್ತದೆ," ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಬೇರೆಯೇ ಇತ್ತು. ಬಾಯಿಗೆ ಬಂದದ್ದು ಇದು.

ಅವನು ತಲೆ ತಗ್ಗಿಸಿದ. "ಬರ್ತದೆ."

"ಯಾವಾಗಿಂದ?"

"ಎರಡನೇ ವಾರದಿಂದ. ಮೂಡಿಗೆರೆಯಲ್ಲಿ ಗಾಡಿಯೊಳಗೆ ಕೂತು ಟೊಪ್ಪಿ ಮುಗಿಸ್ತಿದ್ದೆ. ಮತ್ತೆ ಬಿಚ್ತಿದ್ದೆ."

"ಯಾಕೆ?" ಯಾಕೆಂದು ನನಗೆ ಗೊತ್ತಿತ್ತು. ಕೇಳಿ ತಿಳಿಯಬೇಕಿತ್ತು.

"ಟೊಪ್ಪಿ ಮುಗಿದ್ರೆ ಮತ್ತೆ ಸೋಮವಾರ ಎಂತ ಹೇಳಿ ಬರುವುದು?"

ಒಂದು ಬೆಕ್ಕು ನನ್ನ ಸೀರೆಯ ಅಂಚನ್ನು ಮೂಸಿ ಹೋಯಿತು.

"ಮನೆಯವರು ಅಂದಾಗ ಇಲ್ಲ ಅನ್ನಬಹುದಿತ್ತಲ್ಲ."

"ಇಲ್ಲ ಅಂದ್ರೆ, ಮತ್ತೆ ಯಾಕೆ ಬಿಚ್ಚಿದ್ದು ಅಂತ ಕೇಳ್ತಿದ್ರಿ. ಮೈಮೂನಮ್ಮನ ಎದುರು ಹೇಗೆ ಹೇಳುವುದು?" ಪೈಪನ್ನು ನೆಲಕ್ಕೆ ಬಿಟ್ಟ. "ಮನೆಯವರು ಅಂತ ಯಾರೂ ಇಲ್ಲ. ತಂಗಿಯರ ಮದುವೆ ಮಾಡಿಸಿದೆ, ಅಮ್ಮನನ್ನು ನೋಡಿಕೊಂಡೆ. ಅಮ್ಮ ಹೋದ ಮೇಲೆ ನೋಡಿದ್ರೆ ನನ್ನ ವಯಸ್ಸು ದಾಟಿತ್ತು. ನೀವು ಸಿಟ್ಟಿನಲ್ಲಿ ಕಳಿಸಿದ್ರಿ. ಮತ್ತೆ ಬಂದು ತೊಂದರೆ ಕೊಡುವುದು ಬೇಡ ಅಂತ ಸುಮ್ಮನಾದೆ."

"ನಾನು ಶಾರ್ಜಾಕ್ಕೆ ಹೋಗ್ತಾ ಇದ್ದೇನೆ. ಬಸುರಿ ತಂಗಿಯ ಹತ್ತಿರ, ಅಲ್ಲೇ ಇರ್ಲಿಕ್ಕೆ. ಬರ್ತೇನೆ ಅಂತ ಹೇಳಿ ಆಯ್ತು."

ಅವನ ಮುಖದಲ್ಲಿ ಏನೋ ಆರಿಹೋಯಿತು. ಆದರೂ ಮೆಲ್ಲಗೆ ತಲೆಯಾಡಿಸಿದ. "ಒಳ್ಳೇದು. ತಂಗಿಯ ಹತ್ತಿರ ಇರುವುದು ಒಳ್ಳೇದೇ."

ಸಿಟ್ಟು ನೆತ್ತಿಗೇರಿತು. "ಅಷ್ಟೇಯಾ?"

"ಹೋಗ್ಬೇಡಿ ಅಂತ ಹೇಳ್ಲಿಕ್ಕೆ ನಾನು ಯಾರು ಟೀಚರ್?"

"ಅದನ್ನು ಕೇಳ್ಲಿಕ್ಕೇ ಅಂಗಡಿ ಮುಚ್ಚಿ ಬಸ್ಸು ಹತ್ತಿದ್ದು ನಾನು!"

ಪಕ್ಕದ ಮನೆಯ ಕಿಟಕಿಯಲ್ಲಿ ಯಾರೋ ಬಗ್ಗಿ ನೋಡಿದರು. ನೋಡಲಿ ಎನಿಸಿತು. ಅವನು ಪೈಪನ್ನೇ ನೋಡುತ್ತಿದ್ದ. ಮಾತು ಬರದ ಮನುಷ್ಯ, ಆರು ದಿನ ಟೊಪ್ಪಿ ಹೆಣೆದು ಬಿಚ್ಚುತ್ತಾನೆಯೇ ಹೊರತು ಒಂದು ಮಾತು ಬಾಯಿಬಿಟ್ಟು ಆಡುವುದಿಲ್ಲ. ನಾನಾದರೂ ಏನು ಕಡಿಮೆ? ಇಷ್ಟು ವಾರ ನಾನೂ ಕೇಳಿರಲಿಲ್ಲ. ಚೀಲದಿಂದ ಫೋನ್ ತೆಗೆದು ಅಲ್ಲೇ ನಿಂತು ತೃಪ್ತಿಗೆ ಹಚ್ಚಿದೆ. ನನ್ನದು ಹಳೆಯ ಫೋನ್, ಸ್ಪೀಕರಿಗೆ ಹಾಕದಿದ್ದರೆ ಕೇಳುವುದಿಲ್ಲ.

"ವೀಸಾಕ್ಕೆ ಹಾಕಿದ್ರಾ?"

"ನಾಳೆ ಹಾಕ್ತಾರೆ ಇವರು. ಯಾಕಕ್ಕ?"

"ಅಲ್ಲೇ ಇರ್ಲಿಕ್ಕೆ ನಾನು ಬರುವುದಿಲ್ಲ ತೃಪ್ತಿ."

ಅವಳ ದನಿ ಒಡೆಯಿತು. "ಏನಾಯ್ತು ಅಕ್ಕ? ನಾನು ಎಲ್ಲ ರೆಡಿ ಮಾಡಿದ್ದೇನೆ. ನಿನ್ನ ರೂಮಿಗೆ ಪರದೆ ಹಾಕ್ಸಿದ್ದೇನೆ. ನನಗಾದ್ರೂ ಇಲ್ಲಿ ಯಾರಿದ್ದಾರೆ? ಇವರು ಬೆಳಿಗ್ಗೆ ಹೋದ್ರೆ ರಾತ್ರಿಯೇ ಬರುವುದು. ನಿನಗೆ ಅಲ್ಲಿ ಯಾರಿದ್ದಾರೆ ಅಂತ ನೀನು ಉಳಿಯುವುದು?"

ಅವಳೂ ನನ್ನ ಹಾಗೆಯೇ ಒಬ್ಬಳೇ ಎಂದು ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಉತ್ತರ ನನ್ನ ಎದುರಿಗೇ ನಿಂತಿತ್ತು, ಆದರೆ ಅದನ್ನು ನಾನು ಹೇಳಿದರೆ ಸಾಲದು.

ಧನರಾಜ್ ಹೋಗಿ ನಲ್ಲಿ ನಿಲ್ಲಿಸಿದ. ಕೈಯನ್ನು ಲುಂಗಿಗೆ ಒರೆಸಿದ, ಸಾಲದೆಂದು ಶರ್ಟಿಗೂ ಒರೆಸಿದ. ನನ್ನ ಮುಂದೆ ಕೈ ಚಾಚಿದ. ಫೋನ್ ಕೊಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಶಾಲೆಯಲ್ಲಿ ಪದ್ಯ ಹೇಳಲು ನಿಂತವನ ಹಾಗೆ ನೆಟ್ಟಗೆ ನಿಂತ.

"ನಮಸ್ಕಾರ. ನಾನು ಧನರಾಜ್. ಲಾಯಿಲದವ."

"ಯಾರು?"

"ಮೀನಿನ ಗಾಡಿ ಓಡಿಸ್ತೇನೆ. ನಿಮ್ಮ ಅಕ್ಕನ ಹತ್ತಿರ ಹೆಣೀಲಿಕ್ಕೆ ಕಲ್ತದ್ದು."

ಅಲ್ಲಿ ಮಗು ಅಳುವುದು ಕೇಳಿಸಿತು. ಅವನು ಮುಂದುವರಿಸಿದ.

"ಹೆರಿಗೆಗೆ ಅವರು ಬರ್ತಾರೆ. ನಿಮಗೂ ಅಲ್ಲಿ ಯಾರೂ ಇಲ್ಲ ಅಂತ ಈಗ ಕೇಳಿದೆ. ಎಷ್ಟು ದಿನ ಬೇಕೋ ಅಷ್ಟು ದಿನ ಇಟ್ಟುಕೊಳ್ಳಿ, ನಾನು ಕಾಯ್ತೇನೆ. ಆದ್ರೆ ಟಿಕೆಟ್ ಮಾಡುವಾಗ ವಾಪಸ್ ಬರುವುದನ್ನೂ ಸೇರಿಸಿಯೇ ಮಾಡಿ." ಅವನು ನನ್ನನ್ನು ನೋಡಿದ, ಕಣ್ಣು ತೆಗೆಯಲಿಲ್ಲ. "ನನಗೂ ಅವರು ಬೇಕು."

ನಾನು ಹತ್ತಿರವಿದ್ದ ಕ್ರೇಟೊಂದನ್ನು ಮಗುಚಿ ಹಾಕಿ ಕುಳಿತುಬಿಟ್ಟೆ. ಸೀರೆ ಒದ್ದೆಯಾಯಿತು. ಏಳಬೇಕೆನಿಸಲಿಲ್ಲ.